ಬೀದರಿನ ಗಾಯರಾಣ: ಮರ ಕಡಿಮೆ, ಬದುಕು ಜಾಸ್ತಿ

ಬೀದರ್ ಜಿಲ್ಲೆಯ ಬಹಳಷ್ಟು ಹಳ್ಳಿಗಳಲ್ಲಿ ಊರಿನ ಒಂದು ಮಗ್ಗುಲಿಗೆ ಒಂದಿಷ್ಟು ಬಯಲು ಇರುತ್ತದೆ. ಕೆಂಪು ನೆಲ, ಅಲ್ಲಲ್ಲಿ ಕಲ್ಲು, ಮೊಣಕಾಲೆತ್ತರದ ಹುಲ್ಲು, ನಾಲ್ಕಾರು ಬಾರಿ (ಬೋರೆ) ಗಿಡ, ಒಂದೆರಡು ಮುತ್ತಲ ಮರ. ಪಹಣಿಯಲ್ಲಿ ‘ಸರ್ಕಾರಿ ಗಾಯರಾಣ’ ಎಂದು ಬರೆದಿರುತ್ತದೆ. ಬೆಂಗಳೂರು, ಮೈಸೂರು ಕಡೆಯವರು ಇದನ್ನೇ ಗೋಮಾಳ ಎನ್ನುತ್ತಾರೆ. ಊರ ದನ, ಆಡು, ಕುರಿ ಮೇಯಲಿ ಅಂತ ಬಿಟ್ಟ ಜಾಗ.

ಊರ ಕಟ್ಟೆಯ ಮೇಲೆ ಇದರ ಮಾತು ಬಂದಾಗೆಲ್ಲ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಸುಮ್ನೆ ಖಾಲಿ ಬಿದ್ದಿದೆಯಲ್ಲ, ಗಿಡಾನಾದ್ರೂ ಹಚ್ಚಬಾರದಾ?’ ಕೇಳುವವರ ಮನಸ್ಸು ಒಳ್ಳೆಯದೇ. ಆದರೆ ಮರ ಇದ್ದರೆ ಕಾಡು, ಮರ ಇಲ್ಲದಿದ್ದರೆ ಹಾಳು ನೆಲ ಎಂಬ ನಂಬಿಕೆ ಆ ಪ್ರಶ್ನೆಯ ಒಳಗೇ ಕೂತಿದೆ. ಗಾಯರಾಣದ ಮಟ್ಟಿಗೆ ಆ ನಂಬಿಕೆ ತಪ್ಪು. ಮರ ಕಡಿಮೆ ಇರುವುದರಿಂದಲೇ ಇಲ್ಲಿ ಇಷ್ಟೊಂದು ಜೀವ ಬದುಕಿದೆ. ಅದು ಹೇಗೆ ಅಂತ ನೆಲದಿಂದಲೇ ಶುರು ಮಾಡೋಣ.

ಕಲ್ಲು, ಮಣ್ಣು, ನೀರು

ಬೀದರ್ ಊರು ಕೂತಿರುವುದು ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದ ಒಂದು ಹಾಸಿನ ಮೇಲೆ. ಮೇಲೆ ಜಂಬಿಟ್ಟಿಗೆ, ಅಂದರೆ ನಾವು ಕೆಂಪು ಕಲ್ಲು ಎನ್ನುವುದು. ಅದರ ಕೆಳಗೆ ಜೇಡಿ. ಇನ್ನೂ ಕೆಳಗೆ ಕರಿಕಲ್ಲು. ಲಾವಾ ತಣ್ಣಗಾಗಿ ಆದ ಆ ಕರಿಕಲ್ಲಿನ ಮೇಲ್ಭಾಗವೇ ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಸಿಕ್ಕಿ ಕೆಂಪು ಕಲ್ಲಾಗಿದೆ. ಬೀದರ್ ಕೋಟೆ ಕಟ್ಟಿರುವುದು ಈ ಕಲ್ಲಿನಿಂದ. ಕೋಟೆಯ ಕಂದಕ ಕೊರೆದಿರುವುದೂ ಈ ಕಲ್ಲಿನಲ್ಲೇ.

ಹಾಸಿನಿಂದ ಕೆಳಗಿಳಿದರೆ ಯರಿ ಭೂಮಿ. ತೊಗರಿ, ಜೋಳ, ಕಡಲೆ ಬೆಳೆಯುವ ಕಪ್ಪು ಮಣ್ಣು. ಅಂಥ ಮಣ್ಣು ಸಿಕ್ಕ ಕಡೆ ಹಿರಿಯರು ಉತ್ತು ಬಿತ್ತಿದರು. ನೇಗಿಲು ಇಳಿಯದ ಕಲ್ಲು ನೆಲ ದನ ಮೇಯಲು ಉಳಿಯಿತು. ಹಾಗಾಗಿ ಗಾಯರಾಣದ ಮಣ್ಣು ಎಷ್ಟೋ ಕಡೆ ಒಂದು ಗೇಣೂ ಇರುವುದಿಲ್ಲ. ಕೆದಕಿದರೆ ಮುರುಮ್ ಎನ್ನುವ ಗರಸು ಮಣ್ಣು, ಅದರಡಿ ಕಲ್ಲು.

ಇಲ್ಲಿ ವರ್ಷಕ್ಕೆ ಬೀಳುವ ಮಳೆ 800 ರಿಂದ 900 ಮಿ.ಮೀ. ನಡುವೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಆಮೇಲೆ ಏಳೆಂಟು ತಿಂಗಳು ನೆಲ ಒಣಗಿಯೇ ಇರಬೇಕು. ತೆಳು ಮಣ್ಣಿನಲ್ಲಿ ಅಷ್ಟು ದಿನಕ್ಕೆ ಆಗುವಷ್ಟು ನೀರು ನಿಲ್ಲುವುದಿಲ್ಲ. ಕಲ್ಲಿನ ಬಿರುಕು ಸಿಕ್ಕ ಕಡೆ ಮುತ್ತಲ, ಬಾರಿ, ಸೀತಾಫಲ ಬೇರು ಇಳಿಸಿ ಬದುಕುತ್ತವೆ. ಬಿರುಕು ಇಲ್ಲದ ಕಡೆ ಹುಲ್ಲೇ ಗೆಲ್ಲುತ್ತದೆ.

ಬಿದ್ದ ಮಳೆ ಎಲ್ಲಿಗೆ ಹೋಯಿತು? ಕೆಂಪು ಕಲ್ಲಿನ ತುಂಬ ತೂತು, ಸಂದು. ನೀರು ಅದರೊಳಗಿಂದ ಇಳಿದು ಜೇಡಿ ಪದರಕ್ಕೆ ತಾಗಿ ನಿಲ್ಲುತ್ತದೆ. ಅಲ್ಲಿಂದ ಅಡ್ಡಕ್ಕೆ ಹರಿದು ಹಾಸಿನ ಅಂಚಿನಲ್ಲಿ ಊಟೆಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾ ಗುರುದ್ವಾರದ ನೀರು, ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು, ಎಲ್ಲ ಈ ದಾರಿಯಲ್ಲೇ ಬಂದದ್ದು. ಬಹಮನಿ ಕಾಲದವರು 15ನೇ ಶತಮಾನದಲ್ಲಿ ನೌಬಾದಿನ ಕರೇಜ್ ಕೊರೆದದ್ದೂ ಇದೇ ನೀರನ್ನು ಹಿಡಿಯಲು. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಪರ್ಷಿಯಾದಿಂದ ಬಂದ ವಿದ್ಯೆ ಅದು. ಆ ಸುರಂಗ ನೋಡಲು ದೂರದೂರದಿಂದ ಜನ ಬರುತ್ತಾರೆ. ಆದರೆ ಸುರಂಗಕ್ಕೆ ನೀರು ಇಳಿಸುವುದು ಮೇಲಿನ ಬಯಲು ನೆಲ ಅನ್ನುವುದು ಎಷ್ಟು ಜನರ ಗಮನಕ್ಕೆ ಬರುತ್ತದೆ? ಹುಲ್ಲಿನ ಬುಡಗಳು ಹರಿಯುವ ನೀರನ್ನು ತಡೆದು ನಿಲ್ಲಿಸುತ್ತವೆ. ನಿಂತ ನೀರು ಕೆಳಗೆ ಇಂಗುತ್ತದೆ. ಅದೇ ನೆಲವನ್ನು ಮುರುಮ್‌ಗಾಗಿ ಕೆರೆದು ತೆಗೆದರೆ ಮಳೆ ನೀರು ಮಣ್ಣು ಕೊಚ್ಚಿಕೊಂಡು ಹಳ್ಳಕ್ಕೆ ಓಡುತ್ತದೆ.

ಹುಲ್ಲು ತಿಂದರೂ ಯಾಕೆ ಸಾಯುವುದಿಲ್ಲ?

ಮರದ ಎಳೆ ತುದಿ ಮುರಿದರೆ ಆ ತುದಿಯ ಬೆಳವಣಿಗೆ ಅಲ್ಲಿಗೆ ನಿಂತಿತು. ಹುಲ್ಲು ಹಾಗಲ್ಲ. ಅದರ ಬೆಳೆಯುವ ಜಾಗ ಇರುವುದು ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು. ನಮ್ಮ ತಲೆಗೂದಲು ಬುಡದಿಂದ ಬೆಳೆಯುವ ಹಾಗೆ, ಮೇಲಿನದ್ದನ್ನು ಎಷ್ಟು ಕತ್ತರಿಸಿದರೂ ಕೆಳಗಿನಿಂದ ಮತ್ತೆ ಬರುತ್ತದೆ. ಆಕಳು ಮೇಯ್ದರೂ ಸರಿ, ಬೇಸಿಗೆಯಲ್ಲಿ ಬೆಂಕಿ ಓಡಿ ಹೋದರೂ ಸರಿ, ಬುಡ ಉಳಿದರೆ ಹುಲ್ಲು ಉಳಿಯಿತು. ಅದರ ಸಂಪತ್ತೆಲ್ಲ ಬೇರಿನಲ್ಲಿದೆ. ಗಾಳಿಯಿಂದ ಹೀರಿದ ಇಂಗಾಲದ ದೊಡ್ಡ ಪಾಲನ್ನು ಹುಲ್ಲುಗಾವಲು ಮಣ್ಣಿನೊಳಗೇ ಇಡುತ್ತದೆ. ಮೇಲೆ ಬೆಂಕಿ ಬಿದ್ದರೂ ಅದು ಅಲ್ಲೇ ಭದ್ರ.

‘ಮೊದಲು ಇಲ್ಲೆಲ್ಲ ಕಾಡಿತ್ತು, ಕಡಿದು ಕಡಿದು ಬೋಳಾಯಿತು’ ಎಂದು ಅನೇಕರು ಹೇಳುತ್ತಾರೆ. ಕೆಲವು ಜಾಗದಲ್ಲಿ ಅದು ನಿಜ ಇರಬಹುದು. ಎಲ್ಲ ಕಡೆಗೂ ಆ ಮಾತು ಹೊಂದುವುದಿಲ್ಲ. ಬಿಸಿಲಿಗೆ, ಬರಕ್ಕೆ ಒಗ್ಗಿದ ಈ ಬಗೆಯ ಹುಲ್ಲುಗಳು 70-80 ಲಕ್ಷ ವರ್ಷಗಳ ಹಿಂದೆಯೇ ಉಪಖಂಡದಲ್ಲಿ ಹರಡಲು ಶುರು ಮಾಡಿದ್ದವು. ಶಿವಾಲಿಕ್ ಬೆಟ್ಟಗಳ ಹಳೆಯ ಮಣ್ಣಿನ ಪದರಗಳಲ್ಲಿ ಇದಕ್ಕೆ ಪುರಾವೆ ಸಿಕ್ಕಿದೆ. ಮನುಷ್ಯ ಕೊಡಲಿ ಹಿಡಿಯುವುದಕ್ಕೂ ಎಷ್ಟೋ ಮೊದಲಿನ ಮಾತು ಇದು. ಮೇಯುವ ಪ್ರಾಣಿಗಳೂ ಹುಲ್ಲಿನ ಜೊತೆಯಲ್ಲೇ ಬೆಳೆದು ಬಂದವು. ಅಂದರೆ ಹುಲ್ಲುಗಾವಲು ಅರ್ಧಕ್ಕೆ ನಿಂತ ಕಾಡು ಅಲ್ಲ. ಅದು ಅದೇ.

ಒಂದು ಹುಲ್ಲನ್ನಂತೂ ಕೈಯಲ್ಲಿ ಹಿಡಿದು ನೋಡಲೇಬೇಕು. ದೀಪಾವಳಿ ಹೊತ್ತಿಗೆ ಗಾಯರಾಣದಲ್ಲಿ ನಡೆದರೆ ಪ್ಯಾಂಟು, ಧೋತರ, ಸೀರೆ ಅಂಚಿಗೆ ಕಂದು ಬಣ್ಣದ ಚೂಪು ಬೀಜ ಚುಚ್ಚಿಕೊಳ್ಳುತ್ತವಲ್ಲ, ಅದು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಹೆಟೆರೊಪೋಗಾನ್ ಕಂಟಾರ್ಟಸ್. ಒಂದು ಬೀಜ ಬಿಡಿಸಿಕೊಳ್ಳಿ. ಒಂದು ತುದಿ ಸೂಜಿ. ಸೂಜಿಯ ಹಿಂದೆ ಒರಟು ಕೂದಲು, ಎಲ್ಲವೂ ಹಿಮ್ಮುಖವಾಗಿ ಬಾಗಿವೆ. ಇನ್ನೊಂದು ತುದಿಗೆ ಹುರಿಗೊಂಡ ಉದ್ದನೆಯ ಬಾಲ. ಅಂಗೈ ಮೇಲೆ ಇಟ್ಟು ಆ ಬಾಲಕ್ಕೆ ಒಂದು ಹನಿ ನೀರು ಬಿಡಿ. ಕಣ್ಣೆದುರೇ ಬಾಲ ತಿರುಗಲು ಶುರು ಮಾಡುತ್ತದೆ. ಒದ್ದೆಯಾದಾಗ ಹುರಿ ಬಿಚ್ಚುತ್ತದೆ, ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ನೆಲಕ್ಕೆ ಬಿದ್ದ ಬೀಜಕ್ಕೆ ರಾತ್ರಿ ಇಬ್ಬನಿ, ಹಗಲು ಬಿಸಿಲು. ಬಾಲ ತಿರುಗುತ್ತಾ ತಿರುಗುತ್ತಾ ಸೂಜಿ ಮಣ್ಣೊಳಗೆ ಇಳಿಯುತ್ತದೆ. ಹಿಮ್ಮುಖದ ಕೂದಲು ಅದನ್ನು ವಾಪಸ್ ಬರಲು ಬಿಡುವುದಿಲ್ಲ. ಬೇಸಿಗೆಯ ಬೆಂಕಿ ಬರುವ ಮೊದಲೇ ಬೀಜ ಮಣ್ಣಡಿ ಸೇರಿರುತ್ತದೆ. ಯಾರೂ ಬಿತ್ತಬೇಕಿಲ್ಲ, ತನ್ನನ್ನು ತಾನೇ ಬಿತ್ತಿಕೊಳ್ಳುತ್ತದೆ.

ಕುರಿ ಕಾಯುವವರಿಗೆ ಈ ಹುಲ್ಲಿನ ಮೇಲೆ ಸಿಟ್ಟಿದೆ. ಉಣ್ಣೆಗೆ ಸಿಕ್ಕಿ ಚರ್ಮಕ್ಕೆ ಚುಚ್ಚುತ್ತದೆ, ಬಾಯಿ ಹುಣ್ಣಾಗುತ್ತದೆ. ಆದರೆ ಎಳೆಯದಿದ್ದಾಗ ದನಗಳಿಗೆ ಒಳ್ಳೆಯ ಮೇವು. ಯಾವಾಗ ಎಲ್ಲಿ ಮೇಯಿಸಬೇಕು ಅನ್ನುವ ಲೆಕ್ಕ ದನಗಾಹಿಗಳ ತಲೆಯಲ್ಲಿ ಇರುತ್ತದೆ. ಅದನ್ನು ಯಾರೂ ಬರೆದಿಟ್ಟಿಲ್ಲ.

ವರ್ಷದ ಸುತ್ತು

ಗಾಯರಾಣವನ್ನು ಏಪ್ರಿಲ್‌ನಲ್ಲಿ ಒಮ್ಮೆ ನೋಡಿ ‘ಏನೂ ಇಲ್ಲ’ ಎಂದು ಬರೆದುಕೊಂಡು ಹೋದರೆ ಅದಕ್ಕೆ ಅನ್ಯಾಯ. ಆಗಲೂ ಏನೂ ಇಲ್ಲ ಅಂತಿಲ್ಲ. ಉರಿ ಬಿಸಿಲಲ್ಲೇ ಕಾಡು ಉಳ್ಳಾಗಡ್ಡಿ ಒಂದೂ ಎಲೆ ಇಲ್ಲದೆ ಬರೀ ಹೂವಿನ ದಂಟು ಎತ್ತಿ ನಿಲ್ಲುತ್ತದೆ. ಗಡ್ಡೆಯಲ್ಲಿ ಕೂಡಿಟ್ಟ ನೀರಿನಲ್ಲೇ ಹೂ ಬಿಡುತ್ತದೆ. ಎಲೆ ಬರುವುದು ಮಳೆ ಬಂದ ಮೇಲೆ.

ಜೂನ್‌ನಲ್ಲಿ ಮಿರಗ ಮಳೆ ಬಿತ್ತು ಅಂದರೆ ಮಾರನೆಯ ದಿನ ಬೆಳಿಗ್ಗೆ ನೆಲದ ಮೇಲೆ ಕಡುಗೆಂಪು ಮಖಮಲ್ ಹುಳುಗಳು ಓಡಾಡುತ್ತವೆ. ಮಕ್ಕಳು ಅವನ್ನು ಬೆಂಕಿಪೊಟ್ಟಣದಲ್ಲಿ ಹಿಡಿದಿಡುತ್ತಾರೆ. ಎಣಿಸಿ ನೋಡಿ, ಎಂಟು ಕಾಲು. ಜೇಡದ ಬಳಗ ಅದು. ವರ್ಷದ ಬಹುಪಾಲು ಮಣ್ಣೊಳಗೇ ಇದ್ದು, ಮೊದಲ ಮಳೆಗೆ ಜೋಡಿ ಹುಡುಕಲು, ಆಹಾರ ಹುಡುಕಲು ಮೇಲೆ ಬರುತ್ತದೆ. ಗೆದ್ದಲು ಅದಕ್ಕೆ ಹಬ್ಬದೂಟ. ಅದರ ಮರಿಗಳು ಮಿಡತೆಯಂಥ ಹುಳುಗಳ ಮೈಗೆ ಅಂಟಿಕೊಂಡು ರಸ ಹೀರಿ ಬೆಳೆಯುತ್ತವೆ. ಹೊಲದ ಒಂದು ಕಾಳೂ ಮುಟ್ಟದ ಹುಳು ಇದು. ಹಿಡಿದು ಇಡಬೇಡಿ ಅಂತ ಮಕ್ಕಳಿಗೆ ಹೇಳಿ.

ಕಾರ ಹುಣ್ಣಿಮೆ ಕಳೆದ ಮೇಲೆ ಗಾಯರಾಣ ದಿನಕ್ಕೊಂದು ಬಣ್ಣ. ನೆಲಕ್ಕಂಟಿ ಹರಡುವ ವಿಷ್ಣುಕ್ರಾಂತಿಯ ನೀಲಿ, ತುಂಬೆಯ ಬಿಳಿ, ನೆಗ್ಗಿಲು ಮುಳ್ಳಿನ ಹಳದಿ. ಹುಲ್ಲಿನ ಸಂದಿನಲ್ಲಿ ಅವರೆ, ಹುರುಳಿ ಜಾತಿಗೆ ಸೇರಿದ ಸಣ್ಣ ಸಣ್ಣ ಬಳ್ಳಿಗಳು ಬೇಕಾದಷ್ಟು. ಅವುಗಳ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿದು ಕೊಡುವ ಬ್ಯಾಕ್ಟೀರಿಯಾ ಇರುತ್ತವೆ. ಯೂರಿಯಾ ಚೀಲ ಇಲ್ಲದೆ ಈ ನೆಲ ಪ್ರತಿವರ್ಷ ಹಸಿರಾಗುವುದು ಇವುಗಳಿಂದ ಮತ್ತು ದನದ ಸಗಣಿಯಿಂದ. ಅಂಚಿನಲ್ಲಿ ತಂಗಡಿ ಹಳದಿಯಾಗಿ ಅರಳುತ್ತದೆ. ಗಡಿಯಾಚೆ ತೆಲಂಗಾಣದಲ್ಲಿ ಅದು ರಾಜ್ಯದ ಹೂವು. ನವೆಂಬರ್ ಹೊತ್ತಿಗೆ ಎಲ್ಲ ಒಣಗಿ ಹೊಂಬಣ್ಣದ ಕರಡ. ಚಳಿಗಾಲಕ್ಕೆ ಬಾರಿ ಹಣ್ಣು. ಹೋಳಿ ಹೊತ್ತಿಗೆ ಮುತ್ತಲ ಹೂ.

ಸಗಣಿಯ ಮೇಲೆ ನಡೆಯುವ ಕೆಲಸ

ಗಾಯರಾಣ ಅರ್ಥವಾಗಬೇಕಾದರೆ ಒಂದು ಹಸಿ ಸಗಣಿಯ ಪಕ್ಕ ಸ್ವಲ್ಪ ಹೊತ್ತು ಕುಕ್ಕರಗಾಲಲ್ಲಿ ಕೂರಬೇಕು. ಮಳೆಗಾಲದಲ್ಲಿ ದನ ಸಗಣಿ ಹಾಕಿ ಮುಂದೆ ಹೋದ ಸ್ವಲ್ಪ ಹೊತ್ತಿಗೇ ಕರಿ ಬಣ್ಣದ ಸಗಣಿ ಹುಳುಗಳು ಹಾರಿ ಬಂದು ಇಳಿಯುತ್ತವೆ. ವಾಸನೆಯೇ ಅವುಗಳಿಗೆ ದಾರಿ. ಕೆಲವು ಮುಂಗಾಲಿನಿಂದ ಸಗಣಿ ಕತ್ತರಿಸಿ, ತಟ್ಟಿ ತಟ್ಟಿ ಉಂಡೆ ಮಾಡುತ್ತವೆ. ಆಮೇಲೆ ತಲೆ ಕೆಳಗೆ ಮಾಡಿ, ಹಿಂಗಾಲಿನಿಂದ ಆ ಉಂಡೆಯನ್ನು ಹಿಂದಕ್ಕೆ ತಳ್ಳಿಕೊಂಡು ಹೋಗುತ್ತವೆ. ಹುಲ್ಲಿನ ಬುಡ ಅಡ್ಡ ಬಂದರೆ ಉಂಡೆ ಜಾರಿ ವಾಪಸ್ ಬರುತ್ತದೆ. ಹುಳು ಬಿಡುವುದಿಲ್ಲ, ಸುತ್ತು ಹಾಕಿ ಮತ್ತೆ ತಳ್ಳುತ್ತದೆ. ಇನ್ನು ಕೆಲವಕ್ಕೆ ಉರುಳಿಸುವ ಗೋಜೇ ಬೇಡ. ಸಗಣಿಯ ಅಡಿಯಲ್ಲೇ ಬಿಲ ತೋಡಿ ಕೆಳಗೆ ಇಳಿಸುತ್ತವೆ. ಹೂತ ಉಂಡೆಯಲ್ಲಿ ಮೊಟ್ಟೆ. ಮರಿ ಹೊರಬಂದರೆ ಸುತ್ತ ಊಟ ತಯಾರಿರುತ್ತದೆ.

ಇದರಿಂದ ಏನಾಯಿತು ನೋಡಿ. ಗೊಬ್ಬರ ಮಣ್ಣೊಳಗೆ ಹೋಯಿತು. ಬಿಲದಿಂದ ಗಾಳಿ, ನೀರು ಇಳಿಯಲು ದಾರಿಯಾಯಿತು. ನೊಣಗಳಿಗೆ ಮೊಟ್ಟೆ ಇಡಲು ಜಾಗ ಉಳಿಯಲಿಲ್ಲ. ಹುಳು ತಿನ್ನಲು ಹಕ್ಕಿ ಬಂತು. ದನ ಹುಲ್ಲು ತಿಂದು ನೆಲವನ್ನು ಬರಿದು ಮಾಡುತ್ತದೆ ಎಂದು ಹೇಳುವವರು ಈ ಅರ್ಧ ಲೆಕ್ಕವನ್ನು ಬಿಟ್ಟೇಬಿಡುತ್ತಾರೆ. ಈ ಭಾಗದ ಹೆಮ್ಮೆಯ ದೇವಣಿ ತಳಿ, ಉಸ್ಮಾನಾಬಾದಿ ಆಡು, ಡೆಕ್ಕನಿ ಕುರಿ ಇವೆಲ್ಲ ಇಂಥ ಮೇವಿನಲ್ಲೇ ಬೆಳೆದು ಬಂದ ತಳಿಗಳು.

ಹಾಗಂತ ಎಷ್ಟು ಬೇಕಾದರೂ ಮೇಯಿಸಬಹುದು ಅಂತಲ್ಲ. ಬಿಡುವು ಕೊಡದೆ ಮೇಯಿಸಿದರೆ ದನಕ್ಕೆ ಇಷ್ಟವಾದ ಹುಲ್ಲು ಮೊದಲು ಹೋಗುತ್ತದೆ. ಕಾಂಗ್ರೆಸ್ ಕಸ, ಮುಳ್ಳು, ಸವಿಯಿಲ್ಲದ ಸಣ್ಣ ಹುಲ್ಲು ಉಳಿಯುತ್ತದೆ. ಆಮೇಲೆ ಮಣ್ಣು ಗಟ್ಟಿಯಾಗಿ ನೀರೂ ಇಳಿಯುವುದಿಲ್ಲ. ಮೊದಲ ಮಳೆ ಬಿದ್ದ ಮೇಲೆ ಹುಲ್ಲು ಬೇರು ಹಿಡಿಯುವವರೆಗೆ ಒಂದು ಮಗ್ಗುಲನ್ನು ಬಿಟ್ಟು ಇನ್ನೊಂದರಲ್ಲಿ ಮೇಯಿಸುವುದು, ಮುಂದಿನ ವರ್ಷ ಅದಲು ಬದಲು ಮಾಡುವುದು ಸಾಕು. ಇನ್ನೊಂದು ವಿಷಯವನ್ನೂ ದನ ಸಾಕುವವರು ತಿಳಿದಿರಬೇಕು. ಉಣ್ಣಿ, ಜಂತು ಹುಳುವಿಗೆ ಕೊಡುವ ಐವರ್‌ಮೆಕ್ಟಿನ್ ಔಷಧ ಸಗಣಿಯಲ್ಲೂ ಬರುತ್ತದೆ. ಆ ಸಗಣಿಯಲ್ಲಿ ಸಗಣಿ ಹುಳುವಿನ ಮರಿ ಬದುಕುವುದು ಕಷ್ಟ. ಬೇಕಾದಾಗ ಔಷಧ ಕೊಡಲೇಬೇಕು. ಯಾವ ಔಷಧ, ಯಾವ ತಿಂಗಳು ಅಂತ ಪಶು ವೈದ್ಯರನ್ನು ಕೇಳಿಕೊಂಡು ಕೊಡಿ.

ಚಿಗರಿಗೆ ಬಯಲೇ ಕೋಟೆ

ಬೀದರ್ ಸುತ್ತಲಿನ ಬಯಲುಗಳಲ್ಲಿ, ಹೊನ್ನಿಕೇರಿ ಅರಣ್ಯದ ಕಡೆ ಚಿಗರಿ ಹಿಂಡು ಇವತ್ತಿಗೂ ಕಾಣುತ್ತವೆ. ಪುಸ್ತಕದ ಹೆಸರು ಕೃಷ್ಣಮೃಗ. ನೋಡಿದವರು ಜಿಂಕೆ ಎಂದುಬಿಡುತ್ತಾರೆ. ಜಿಂಕೆಯ ಕೋಡು ವರ್ಷಕ್ಕೊಮ್ಮೆ ಉದುರುತ್ತದೆ, ಚಿಗರಿಯ ಕೋಡು ಉದುರುವುದಿಲ್ಲ. ಕುಟುಂಬದ ಲೆಕ್ಕದಲ್ಲಿ ಚಿಗರಿ ನಮ್ಮ ಆಕಳು, ಆಡು, ಕುರಿಗಳ ಬಳಗ. ಹೋರಿಗೆ ಸುರುಳಿ ಕೋಡು, ಕಪ್ಪು ಬೆನ್ನು, ಬಿಳಿ ಹೊಟ್ಟೆ. ಹೆಣ್ಣು ಕಂದು, ಕೋಡಿಲ್ಲ.

ಚಿಗರಿಯ ಬದುಕು ನಿಂತಿರುವುದು ಎರಡು ಆಸ್ತಿಯ ಮೇಲೆ: ಕಣ್ಣು ಮತ್ತು ಕಾಲು. ತೋಳ ದೂರದಲ್ಲಿದ್ದಾಗಲೇ ಕಾಣಬೇಕು, ಕಂಡ ಕೂಡಲೇ ಓಡಬೇಕು. ಗಂಟೆಗೆ 80 ಕಿ.ಮೀ. ಹತ್ತಿರದ ವೇಗ ಅದಕ್ಕಿದೆ. ಈಗ ಇಲ್ಲಿ ಅಷ್ಟು ವೇಗದ ಶತ್ರು ಇಲ್ಲ. ಒಂದು ಕಾಲಕ್ಕೆ ದಖ್ಖನ್ನಿನಲ್ಲಿ ಚೀತಾ ಇತ್ತು. ರಾಜರು, ನವಾಬರು ಪಳಗಿಸಿದ ಚೀತಾ ಬಿಟ್ಟು ಚಿಗರಿ ಬೇಟೆ ಆಡಿಸುತ್ತಿದ್ದರು. 1952 ರಲ್ಲಿ ಚೀತಾ ಭಾರತದಿಂದ ಅಳಿದುಹೋಯಿತು ಎಂದು ಘೋಷಿಸಲಾಯಿತು. ಬೇಟೆಗಾರ ಹೋದ, ಓಟ ಉಳಿದಿದೆ. ಗಾಬರಿಯಾದಾಗ ಹಿಂಡಿನ ಒಂದೊಂದೇ ಚಿಗರಿ ಆಳೆತ್ತರಕ್ಕೆ ಚಿಮ್ಮಿ ಚಿಮ್ಮಿ ಓಡುವುದನ್ನು ನೋಡಿದವರು ಮರೆಯುವುದಿಲ್ಲ.

ದೊಡ್ಡ ಹೋರಿ ತನ್ನದೊಂದು ಜಾಗ ಹಿಡಿದು ಕಾಯುತ್ತದೆ. ಒಂದೇ ಕಡೆ ಹಿಕ್ಕೆ ಹಾಕಿ ಹಾಕಿ ಗುಡ್ಡೆ ಮಾಡುತ್ತದೆ. ಬೇರೆ ಹೋರಿಗಳಿಗೆ ಅದೇ ಗಡಿ ಕಲ್ಲು. ಹೆಣ್ಣು ಚಿಗರಿ ಮರಿ ಹಾಕಿದ ಮೇಲೆ ಮೊದಮೊದಲು ಅದನ್ನು ಹುಲ್ಲಿನಲ್ಲಿ ಅಡಗಿಸಿ ತಾನು ದೂರ ಮೇಯುತ್ತದೆ. ಹಾಲು ಕೊಡಲು ಮಾತ್ರ ಬರುತ್ತದೆ. ಒಂಟಿ ಮರಿ ಕಂಡರೆ ‘ಪಾಪ, ತಾಯಿ ಬಿಟ್ಟು ಹೋಗಿದೆ’ ಎಂದು ಎತ್ತಿಕೊಂಡು ಬರುವವರಿದ್ದಾರೆ. ದಯವಿಟ್ಟು ಬೇಡ. ತಾಯಿ ಅಲ್ಲೇ ಎಲ್ಲೋ ನೋಡುತ್ತಾ ನಿಂತಿರುತ್ತದೆ. ಎತ್ತಿಕೊಂಡು ಬಂದರೆ ಮರಿ ಉಳಿಯುವುದು ಅನುಮಾನ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ರ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಇದು. ಮನೆಯಲ್ಲಿ ಇಟ್ಟುಕೊಂಡರೆ ಅದು ಅಪರಾಧವೂ ಹೌದು.

ಈಗ ಇಂಥ ಬಯಲಿನಲ್ಲಿ ಒತ್ತಾಗಿ ಮರ ಬೆಳೆಸಿದರೆ ಏನಾಗುತ್ತದೆ? ಚಿಗರಿಗೆ ದೂರ ಕಾಣುವುದಿಲ್ಲ. ಓಡಲು ಜಾಗ ಇರುವುದಿಲ್ಲ. ನೆರಳು ಬಿದ್ದ ಕಡೆ ಬಿಸಿಲು ಬೇಡುವ ಹುಲ್ಲು ಸಾಯುತ್ತದೆ. ಹಿಂಡು ಹೊಲಕ್ಕೆ ಇಳಿಯುತ್ತದೆ, ಕಡಲೆ ಸಸಿ, ಜೋಳದ ಸುಳಿ ತಿನ್ನುತ್ತದೆ. ರೈತ ಬೈಯುತ್ತಾನೆ. ಅವನ ಸಿಟ್ಟಿಗೆ ಕಾರಣವಿದೆ, ಬೆಳೆ ಹೋದದ್ದು ಅವನದ್ದು. ಆದರೆ ಆ ಜಗಳದ ಬೇರು ಹೋಗಿ ತಾಗುವುದು ಮೇವು ಕಳೆದುಕೊಂಡ ಗಾಯರಾಣಕ್ಕೆ.

ಇದು ಊಹೆಯಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಕೃಷ್ಣಮೃಗ ಅಭಯಾರಣ್ಯ 1974 ರಲ್ಲಿ ಆಯಿತು. ಅಲ್ಲಿನ ಬಯಲಿನ ಬಹುಭಾಗಕ್ಕೆ ನೀಲಗಿರಿ ನೆಟ್ಟಿದ್ದಾರೆ. ಹಿಂದೆ ಅಲ್ಲಿ ಎರೆಭೂತ ಹಕ್ಕಿ ಇತ್ತು. ಭಾರತದ ಅತಿ ಅಪರೂಪದ, ಆಳು ಸೊಂಟದೆತ್ತರದ ಹುಲ್ಲುಗಾವಲು ಹಕ್ಕಿ. ಈಗ ಅಲ್ಲಿ ಕಾಣುವುದಿಲ್ಲ. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ಎಂದರೆ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಡೆಯ ಯರಿ ಬಯಲು. ಅಲ್ಲೂ ಕೈಬೆರಳೆಣಿಕೆಯಷ್ಟೇ.

ನೆಲದ ಮೇಲೆ ಗೂಡು

ಮರ ಇಲ್ಲದ ಕಡೆ ಹಕ್ಕಿ ಎಲ್ಲಿ ಗೂಡು ಕಟ್ಟಬೇಕು? ನೆಲದ ಮೇಲೇ. ಬೂದುತಲೆ ನೆಲಗುಬ್ಬಿ ಹುಲ್ಲಿನ ಗುಪ್ಪೆಯ ಮಗ್ಗುಲಿಗೆ ಸಣ್ಣ ಗುಳಿ ನೋಡಿಕೊಂಡು, ಒಂದಿಷ್ಟು ನಾರು ಹಾಸಿ ಮೊಟ್ಟೆ ಇಡುತ್ತದೆ. ಗಂಡು ಹಕ್ಕಿ ಮೇಲಕ್ಕೆ ಹಾರಿ, ಉದ್ದಕ್ಕೆ ಸಿಳ್ಳೆ ಹಾಕುತ್ತಾ ತಲೆಕೆಳಗಾಗಿ ಧುಮುಕಿ, ನೆಲ ಮುಟ್ಟುವ ಮೊದಲು ಮತ್ತೆ ಮೇಲೇಳುತ್ತದೆ. ಗೌಜಲು, ಪುರಲಿ ಹಕ್ಕಿಗಳ ಸಂಸಾರವೂ ಹುಲ್ಲಿನಲ್ಲೇ.

ಟಿಟ್ಟಿಭ ಬರೀ ಕಲ್ಲುಗಳ ನಡುವೆ ಮೊಟ್ಟೆ ಇಡುತ್ತದೆ. ಮೊಟ್ಟೆಯ ಮೇಲಿನ ಚುಕ್ಕೆ, ಬಣ್ಣ ಮುರುಮ್‌ನಲ್ಲಿ ಬೆರೆತುಹೋಗಿ ಎರಡು ಮಾರು ದೂರದಿಂದಲೂ ಕಾಣುವುದಿಲ್ಲ. ಸುಡು ಬಿಸಿಲಿಗೆ ತಾಯಿ ಕೆರೆಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನು ತಂಪು ಮಾಡುತ್ತದೆ. ನೀವು ನಡೆಯುವಾಗ ಒಂದು ಟಿಟ್ಟಿಭ ತಲೆ ಮೇಲೆ ಸುತ್ತುತ್ತಾ ಕಿರುಚಿದರೆ, ಬಂದ ದಾರಿಯಲ್ಲೇ ಹೆಜ್ಜೆ ನೋಡಿ ನೋಡಿ ಇಟ್ಟು ವಾಪಸ್ ಹೋಗಿ. ಅಲ್ಲೆಲ್ಲೋ ಮೊಟ್ಟೆ ಇದೆ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ ಉಣ್ಣುತ್ತೀರಲ್ಲ, ಆ ದಿನ ಸುಮ್ಮನೆ ಒಮ್ಮೆ ಮೇಲೆ ನೋಡಿ. ತೆಳ್ಳನೆಯ ಉದ್ದ ರೆಕ್ಕೆಯ ಗಿಡುಗವೊಂದು ಬೆಳೆಯ ಮೇಲೆ ತೀರ ಕೆಳಮಟ್ಟದಲ್ಲಿ ತೇಲುತ್ತಾ ಹೋದರೆ ಅದು ಸೆಳೆವ. ಕಝಾಕಿಸ್ತಾನದಂಥ ಮಧ್ಯ ಏಷ್ಯಾದ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ದಖ್ಖನ್ನಿಗೆ ಬರುತ್ತದೆ. ಹಗಲೆಲ್ಲ ಹೊಲದ ಮೇಲೆ ಮಿಡತೆ, ಇಲಿ, ಸಣ್ಣ ಹಕ್ಕಿ ಹಿಡಿಯುತ್ತದೆ. ರಾತ್ರಿ ಮರದ ಮೇಲೆ ಕೂರುವ ಹಕ್ಕಿಯಲ್ಲ ಇದು. ಎತ್ತರದ ಹುಲ್ಲಿರುವ ಬಯಲು ಹುಡುಕಿ, ಹತ್ತಾರು ಸೆಳೆವಗಳು ಒಟ್ಟಿಗೆ ನೆಲದ ಮೇಲೇ ಮಲಗುತ್ತವೆ. ಕರಡವನ್ನೆಲ್ಲ ಸುಟ್ಟರೆ ಅಥವಾ ಉತ್ತರೆ ಅವುಗಳಿಗೆ ಮಲಗಲು ಜಾಗವಿಲ್ಲ. ಹೊಲದ ಮಿಡತೆ ತಿನ್ನುವ ಹಕ್ಕಿಗೆ ಮನೆ ಗಾಯರಾಣದಲ್ಲಿದೆ ಅನ್ನುವುದು ನನಗೆ ಇಡೀ ವಿಷಯದಲ್ಲೇ ಬಹಳ ಮುಖ್ಯವಾಗಿ ಕಾಣುತ್ತದೆ.

ತೋಳ, ನರಿ

ತೋಳ ಹುಲಿಯಂತೆ ದಟ್ಟ ಕಾಡಿನ ಪ್ರಾಣಿಯಲ್ಲ. ಅದರ ಊರು ಇಂಥ ಕುರುಚಲು ಬಯಲು. ಹಗಲು ಪೊದೆಯ ನೆರಳಲ್ಲಿ ಮಲಗಿ, ಸಂಜೆ ಹೊರಡುತ್ತದೆ. ಚಿಗರಿ, ಮೊಲ ಸಿಗದಿದ್ದರೆ ಕುರಿ ಹಿಂಡಿಗೆ ಬೀಳುತ್ತದೆ. ಕುರಿ ಕಳೆದುಕೊಂಡವರ ನೋವು ದೊಡ್ಡದು. ಪರಿಹಾರ ಸಿಗಬೇಕಾದರೆ ಸತ್ತ ಕುರಿಯನ್ನು ಅಲ್ಲಿಂದ ಸಾಗಿಸದೆ ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು. ತೋಳಕ್ಕಿಂತ ಈಗ ಹೆಚ್ಚು ಕಾಟ ಬೀದಿ ನಾಯಿಗಳದ್ದು. ಅವು ಚಿಗರಿ ಮರಿಯನ್ನೂ ಬಿಡುವುದಿಲ್ಲ, ನೆಲದ ಮೇಲಿನ ಮೊಟ್ಟೆಯನ್ನೂ ಬಿಡುವುದಿಲ್ಲ. ಊರ ಕಸ, ಸತ್ತ ಕೋಳಿ, ಮಾಂಸದ ತ್ಯಾಜ್ಯವನ್ನು ಗಾಯರಾಣದ ಅಂಚಿಗೆ ಸುರಿಯುವುದೇ ಅವುಗಳಿಗೆ ಆಹ್ವಾನ.

ಬಾಲದ ತುದಿ ಕಪ್ಪಗಿರುವ ಸಣ್ಣ ನರಿಯಿಂದ ಯಾರಿಗೂ ತೊಂದರೆ ಇಲ್ಲ. ಇಲಿ, ಗೆದ್ದಲು, ಮಿಡತೆ, ಬಾರಿ ಹಣ್ಣು ತಿಂದು, ಹಲವು ಬಾಗಿಲಿನ ಬಿಲದಲ್ಲಿ ಬದುಕುತ್ತದೆ.

ಬಳ್ಳಾರಿ ಜಾಲಿ ಮತ್ತು ಒಳ್ಳೆಯ ಉದ್ದೇಶದ ಗುಂಡಿಗಳು

ಗಾಯರಾಣದ ದೊಡ್ಡ ಶತ್ರು ಈಗ ಬಳ್ಳಾರಿ ಜಾಲಿ. ಹೊರದೇಶದ ಗಿಡ. ಬರಡು ನೆಲವನ್ನು ಹಸಿರು ಮಾಡುತ್ತದೆ, ಉರುವಲಿಗೂ ಆಗುತ್ತದೆ ಎಂದು ತಂದು ಹಾಕಿದರು. ಅದರ ಕಾಯಿ ಸಿಹಿ. ದನ, ಆಡು, ಚಿಗರಿ ಎಲ್ಲ ತಿನ್ನುತ್ತವೆ. ಬೀಜ ಜೀರ್ಣವಾಗುವುದಿಲ್ಲ. ಸಗಣಿ ಬಿದ್ದಲ್ಲೆಲ್ಲ ಗೊಬ್ಬರದ ಸಮೇತ ಸಸಿ ಏಳುತ್ತದೆ. ಕಡಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತದೆ. ಅದರ ಅಡಿಯಲ್ಲಿ ಹುಲ್ಲು ಬರುವುದಿಲ್ಲ. ಸಸಿ ಇದ್ದಾಗಲೇ, ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗ ಬೇರು ಸಮೇತ ಕೀಳುವುದೊಂದೇ ಸುಲಭದ ದಾರಿ.

ಪರಿಸರ ದಿನಕ್ಕೆ ಜೆಸಿಬಿ ತಂದು ಸಾಲಾಗಿ ಗುಂಡಿ ತೋಡುವುದೂ ಗಾಯರಾಣಕ್ಕೆ ಪೆಟ್ಟೇ. ತೆಳು ಮಣ್ಣು ಉಲ್ಟಾ ಆಗುತ್ತದೆ, ಹಳೆಯ ಹುಲ್ಲಿನ ಬುಡ ಕಿತ್ತುಹೋಗುತ್ತದೆ. ನೆಟ್ಟ ಸಸಿ ಬೇಸಿಗೆಯಲ್ಲಿ ಒಣಗುತ್ತದೆ. ಗುಂಡಿ ಉಳಿಯುತ್ತದೆ, ಅದರಲ್ಲಿ ಕಾಂಗ್ರೆಸ್ ಕಸ ಬರುತ್ತದೆ. ಮರ ಹಚ್ಚಬೇಡಿ ಅಂತ ನಾನು ಹೇಳುತ್ತಿಲ್ಲ. ರಸ್ತೆ ಬದಿ, ಕೆರೆ ಏರಿ, ಶಾಲೆಯ ಅಂಗಳ, ಹೊಲದ ಬದು, ಬಸ್ ನಿಲ್ದಾಣ, ಎಷ್ಟೊಂದು ಜಾಗ ಮರಕ್ಕಾಗಿ ಕಾಯುತ್ತಿವೆ. ಬೇವು, ಹುಣಸೆ, ಅರಳಿ ಅಲ್ಲಿ ಹಚ್ಚಿ. ದೇಶದ ಪಾಳುಭೂಮಿ ನಕ್ಷೆಗಳಲ್ಲಿ ಇಂಥ ಕುರುಚಲು ಬಯಲುಗಳನ್ನು ಪಾಳು ಎಂದೇ ಗುರುತಿಸುತ್ತಾ ಬಂದಿದ್ದಾರೆ. ಕಾಗದದಲ್ಲಿ ಪಾಳು ಎಂದಿದ್ದರೆ ಯಾವ ಯೋಜನೆಗೆ ಬೇಕಾದರೂ ಕೊಡಲು ಸುಲಭ ಆಗುತ್ತದೆ. ಹೀಗಾಗಿಯೇ ಆ ಪದ ನನಗೆ ಸಿಟ್ಟು ತರಿಸುತ್ತದೆ.

ಕಾಯ್ದೆ ಊರಿನ ಪರವಾಗಿಯೇ ಇದೆ. ಕರ್ನಾಟಕ ಭೂ ಕಂದಾಯ ನಿಯಮಗಳು, 1966 ರ 97ನೇ ನಿಯಮ ಪ್ರತಿ 100 ಜಾನುವಾರಿಗೆ 30 ಎಕರೆ ಲೆಕ್ಕದಲ್ಲಿ ಮೇವಿನ ಜಾಗ ಇರಬೇಕು ಎನ್ನುತ್ತದೆ. ಊರ ಸಾಮೂಹಿಕ ಜಾಗಗಳ ಒತ್ತುವರಿ ತೆರವು ಮಾಡಲು ಯೋಜನೆ ರೂಪಿಸಿ ಎಂದು ಸುಪ್ರೀಂ ಕೋರ್ಟ್ 2011 ರ ಜನವರಿಯಲ್ಲಿ, ಜಗಪಾಲ್ ಸಿಂಗ್ ಪ್ರಕರಣದಲ್ಲಿ ಎಲ್ಲ ರಾಜ್ಯಗಳಿಗೆ ಹೇಳಿದೆ. ಜೀವವೈವಿಧ್ಯ ಕಾಯ್ದೆ, 2002 ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನ ಗಿಡ, ಪ್ರಾಣಿ, ಹಕ್ಕಿಗಳ ದಾಖಲೆ ಪುಸ್ತಕ ಬರೆಯುವುದು ಅದರ ಕೆಲಸ.

ನಿಮ್ಮ ಊರಿನಲ್ಲಿ ಶುರು ಮಾಡುವುದಾದರೆ ಮೊದಲು ಗಾಯರಾಣದ ಸರ್ವೆ ನಂಬರಿನ ಪಹಣಿ ತೆಗೆಸಿ, ಎಕರೆ ಎಷ್ಟಿದೆ ನೋಡಿ. ಗಡಿ ಕಲ್ಲು ಕಾಣದಿದ್ದರೆ ಅಳತೆ ಮಾಡಿಸಲು ತಹಶೀಲ್ದಾರರಿಗೆ ಅರ್ಜಿ ಕೊಡಿ. ಸಮಿತಿಯ ಪುಸ್ತಕ ಎಲ್ಲಿದೆ ಎಂದು ಪಂಚಾಯಿತಿಯಲ್ಲಿ ಕೇಳಿ. ಅದರಲ್ಲಿ ಗಾಯರಾಣಕ್ಕೆ ಒಂದು ಪುಟವೂ ಇಲ್ಲದಿದ್ದರೆ ದನ ಕಾಯುವ ಹಿರಿಯರೊಬ್ಬರನ್ನು, ಶಾಲೆಯ ನಾಲ್ಕು ಮಕ್ಕಳನ್ನು ಜೊತೆ ಮಾಡಿಕೊಂಡು ಬೆಳಿಗ್ಗೆ ಬಿಸಿಲೇರುವ ಮೊದಲು ಹೊರಡಿ. ಹಿರಿಯರು ಹೇಳುವ ಹುಲ್ಲಿನ ಹೆಸರು, ಹಕ್ಕಿಯ ಹೆಸರು ಅವರ ಬಾಯಲ್ಲಿ ಹೇಗಿದೆಯೋ ಹಾಗೇ ಬರೆದುಕೊಳ್ಳಿ. ಜುಲೈನಲ್ಲಿ ಒಮ್ಮೆ, ಎಳ್ಳ ಅಮಾವಾಸ್ಯೆ ಹೊತ್ತಿಗೆ ಇನ್ನೊಮ್ಮೆ ಹೋಗಬೇಕು. ಎರಡು ಸಲವೂ ಸಿಗುವ ಪಟ್ಟಿ ಬೇರೆ ಬೇರೆ ಇರುತ್ತದೆ.